ಊರಿನ ಜಾಗ ಯಾರ ಹೆಸರಿನಲ್ಲಿದೆ?
‘ಸೆವರಾಲ್ಟಿ’ ಎಂಬ ಅಪರೂಪದ ಪದವೂ ಮುಂಬಯಿ ಕನ್ನಡಿಗರ ವರ್ಗ ಭೂಮಿಯೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರಿಗೆ ಇಂದು ಎರಡು ಕಡೆ ಆಸ್ತಿ ಇದೆ. ಇಲ್ಲಿ ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಕಷ್ಟಪಟ್ಟು ಕಂತು ಕಟ್ಟಿ ಕೊಂಡ ಒಂದು ಫ್ಲ್ಯಾಟ್. ಅಲ್ಲಿ ಊರಿನಲ್ಲಿ ಹಿರಿಯರಿಂದ ಬಂದ ಒಂದಿಷ್ಟು ಗದ್ದೆ, ತೋಟ, ಹಳೆಯ ಮನೆಯ ಅಡಿಸ್ಥಳ. ಫ್ಲ್ಯಾಟಿನ ಕಾಗದಗಳು ಕಪಾಟಿನಲ್ಲಿ ಜೋಪಾನವಾಗಿರುತ್ತವೆ. ಊರಿನ ಜಾಗದ ಬಗ್ಗೆ ಕೇಳಿದರೆ ಮಾತ್ರ ಹೆಚ್ಚಿನವರ ಉತ್ತರ ಒಂದೇ: ‘ನಮ್ಮದು ಇದೆ, ಅಣ್ಣ ನೋಡಿಕೊಳ್ಳುತ್ತಾರೆ.’

ಈ ‘ನಮ್ಮದು’ ಎಂಬ ಮಾತಿಗೆ ಕಾನೂನಿನಲ್ಲಿ ಏನು ಬೆಲೆ? ಜಾಗ ನಮ್ಮದೋ, ನನ್ನದೋ? ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ತಂದೆಯೋ ತಾಯಿಯೋ ತೀರಿಕೊಂಡ ಮೇಲೆ, ಇಲ್ಲವೇ ಹೆದ್ದಾರಿ ಅಗಲೀಕರಣಕ್ಕೆ ಜಾಗ ಹೋಗಿ ಪರಿಹಾರದ ನೋಟಿಸು ಬಂದ ಮೇಲೆ. ಆ ಹೊತ್ತಿಗೆ ಉತ್ತರ ಹೇಳಬೇಕಾದ ಹಿರಿಯರು ಇರುವುದಿಲ್ಲ.

ಹಲವು ಎಂದು ಕೇಳಿಸುವ ಒಂಟಿ ಪದ

ಭೂಮಿಗೆ ಒಬ್ಬನೇ ಒಡೆಯನಾಗಿರುವ ಸ್ಥಿತಿಗೆ ಇಂಗ್ಲಿಷ್ ಕಾನೂನಿನಲ್ಲಿ ‘ಸೆವರಾಲ್ಟಿ’ ಎಂಬ ಪದವಿದೆ. ವಕೀಲರ ಬಾಯಲ್ಲೂ ಈಗ ಅಪರೂಪ. ಕೇಳಿದ ಕೂಡಲೇ ‘ಸೆವರಲ್’, ಅಂದರೆ ‘ಹಲವು’ ಎಂಬ ಪದ ನೆನಪಾಗಿ ಹಲವರ ಒಡೆತನ ಇರಬೇಕೆಂದು ತೋರುತ್ತದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಪದದ ಮೂಲದಲ್ಲಿರುವುದು ‘ಬೇರ್ಪಡಿಸು’ ಎಂಬ ಅರ್ಥ. ಬೇರೆಯವರ ಪಾಲಿನಿಂದ ಪೂರ್ತಿ ಬೇರ್ಪಟ್ಟು ಒಬ್ಬನ ಕೈಯಲ್ಲಿ ನಿಂತ ಭೂಮಿ ಎಂಬುದು ಅದರ ತಾತ್ಪರ್ಯ. ಕನ್ನಡದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ‘ಬೇರೆಯಾದರು’ ಎನ್ನುತ್ತೇವಲ್ಲ, ಅದೇ ಅರ್ಥ.

1766ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಎರಡನೇ ಸಂಪುಟದಲ್ಲಿ ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ ಭೂಮಿಯನ್ನು ಹೊಂದುವ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಅದರಲ್ಲಿ ಮೊದಲನೆಯದೇ ಈ ಒಬ್ಬನ ಒಡೆತನ. ಉಳಿದ ಮೂರೂ ಬೇರೆ ಬೇರೆ ಬಗೆಯ ಜಂಟಿ ಒಡೆತನಗಳು. ಬ್ರಿಟಿಷರೊಂದಿಗೆ ಈ ಪದ ಭಾರತದ ನ್ಯಾಯಾಲಯಗಳಿಗೂ ಬಂತು. ಅವಿಭಕ್ತ ಕುಟುಂಬ ಒಡೆದು ಪ್ರತಿಯೊಬ್ಬನೂ ತನ್ನ ಪಾಲನ್ನು ಸ್ವತಂತ್ರವಾಗಿ ಹೊಂದುವುದನ್ನು ಹೇಳಲು ಹಿಂದೂ ಕಾನೂನಿನ ಹಳೆಯ ತೀರ್ಪುಗಳಲ್ಲಿ ಇದು ಬಳಕೆಯಾಯಿತು.

ಕನ್ನಡ ಕರಾವಳಿಯ ‘ಮೂಲಿ’ ಹಕ್ಕು

ಇಂಗ್ಲಿಷ್ ಪದ ಬರುವ ಮೊದಲೇ ಕರಾವಳಿಯಲ್ಲಿ ಭೂಮಿಯ ಖಾಸಗಿ ಒಡೆತನಕ್ಕೆ ಸ್ಪಷ್ಟ ಹೆಸರಿತ್ತು. ಅದೇ ‘ಮೂಲಿ’. ಸರಕಾರದ ಲೆಕ್ಕದಲ್ಲಿ ಒಂದು ಹಿಡುವಳಿಗೆ ‘ವರ್ಗ’ ಎಂದು ಹೆಸರು, ಅದರ ಒಡೆಯ ವರ್ಗದಾರ. ತಲೆತಲಾಂತರದಿಂದ ಬಂದ ಖಾಸಗಿ ಹಿಡುವಳಿ ಮೂಲಿ ವರ್ಗ; ಒಡೆಯರಿಲ್ಲದೆ ಸರಕಾರಕ್ಕೆ ಸೇರಿ ಮತ್ತೆ ಕೊಟ್ಟದ್ದು ಸರಕಾರಿ ವರ್ಗ. ವರ್ಗದಾರನಿಂದ ಶಾಶ್ವತವಾಗಿ, ನಿಗದಿತ ಗೇಣಿಗೆ ಜಾಗ ಪಡೆದವನು ಮೂಲಗೇಣಿದಾರ. ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ ಚಾಲಗೇಣಿ. ಇಂದಿಗೂ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಹಿರಿಯರು ‘ಅದು ವರ್ಗದ ಜಾಗ, ಇದು ಕುಮ್ಕಿ’ ಎಂದು ವಿಂಗಡಿಸಿ ಹೇಳುವುದು ಈ ಪರಂಪರೆಯಿಂದಲೇ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. ಅವರು ಶಾನುಭೋಗರ ಹಳೆಯ ಕಡತಗಳನ್ನು ತರಿಸಿ ನೋಡಿ, 1800ರ ಮೇ 31ರಂದು ರೆವಿನ್ಯೂ ಬೋರ್ಡಿಗೆ ಬರೆದ ಪತ್ರದಲ್ಲಿ ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹಳ ಹಿಂದಿನಿಂದ ನೆಲೆಯೂರಿದೆ, ಜನರಿಗೆ ಅದರ ತಿಳಿವಳಿಕೆಯೂ ಚೆನ್ನಾಗಿದೆ ಎಂಬ ಅಭಿಪ್ರಾಯ ತಿಳಿಸಿದರು. ಭೂಮಿಯೆಲ್ಲ ರಾಜನದ್ದು ಎಂದು ನಂಬಿದ್ದ ಕಂಪೆನಿಯ ಅಧಿಕಾರಿಗಳಿಗೆ ಇದು ಹೊಸ ಮಾತು.

ಈ ಮೂಲಿ ಹಕ್ಕಿನ ಒಂದು ದೊಡ್ಡ ವ್ಯಾಜ್ಯ ತೀರ್ಮಾನವಾದದ್ದು ಮುಂಬಯಿಯಲ್ಲಿ ಎಂಬುದು ಇಲ್ಲಿನ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನ್ರೋ ಕಾಲದ ತೀರ್ವೆಯನ್ನು ಸರಕಾರ ಏರಿಸಲು ಹೊರಟಾಗ ಅಲ್ಲಿನ ಮೂಲ ವರ್ಗದಾರರು ಪ್ರತಿಭಟಿಸಿದರು. ವೈಕುಂಠ ಬಾಪೂಜಿ ವಿರುದ್ಧ ಮುಂಬಯಿ ಸರಕಾರ ಎಂಬ ಆ ಪ್ರಕರಣದಲ್ಲಿ 1875ರಲ್ಲಿ ಮುಂಬಯಿ ಹೈಕೋರ್ಟ್ ಸರಕಾರದ ಪರವಾಗಿ ತೀರ್ಪು ನೀಡಿತು. ಭೂಮಿ ಖಾಸಗಿಯಾಗಿದ್ದರೂ ತೀರ್ವೆ ಏರಿಸುವ ಅಧಿಕಾರ ಸರಕಾರಕ್ಕೆ ಉಂಟು ಎಂಬುದು ಅದರ ಸಾರ. ಒಬ್ಬನೇ ಒಡೆಯ ಎಂದ ಮಾತ್ರಕ್ಕೆ ಸರಕಾರದ ಕೈ ತಪ್ಪಿತು ಎಂದಲ್ಲ.

ಅಳಿಯಕಟ್ಟಿನಲ್ಲಿ ‘ನನ್ನದು’ ಎಂಬುದಿರಲಿಲ್ಲ

ವರ್ಗ ಖಾಸಗಿಯಾಗಿದ್ದರೂ ಅದು ಒಬ್ಬ ವ್ಯಕ್ತಿಯದ್ದಾಗಿತ್ತು ಎನ್ನುವಂತಿಲ್ಲ. ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮಾಜಗಳಲ್ಲಿ ನಡೆದು ಬಂದದ್ದು ಅಳಿಯಸಂತಾನ ಪದ್ಧತಿ. ಜನ ಅದನ್ನು ಭೂತಾಳ ಪಾಂಡ್ಯನ ಕಟ್ಟು ಎನ್ನುತ್ತಾರೆ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತದೆ. ಯಜಮಾನ ಅಥವಾ ಯಜಮಾನ್ತಿ ಆಡಳಿತ ನೋಡಿಕೊಳ್ಳುವವರು ಮಾತ್ರ, ಒಡೆತನ ಇಡೀ ಕುಟುಂಬದ್ದು. ಎಲ್ಲರೂ ಒಪ್ಪಿದರೆ ಪಾಲು, ಒಬ್ಬರು ಒಪ್ಪದಿದ್ದರೂ ಇಲ್ಲ ಎಂಬುದನ್ನು 1860ರ ದಶಕದ ಆರಂಭದಲ್ಲೇ ಮದ್ರಾಸ್ ಹೈಕೋರ್ಟ್ ಮುಂಡ ಚೆಟ್ಟಿ ಪ್ರಕರಣದಲ್ಲಿ ಎತ್ತಿಹಿಡಿದಿತ್ತು.

ಈ ಸ್ಥಿತಿ ಬದಲಾದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಅದು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಆದರೆ ಮುಂದೆ ಸಂತತಿ ಇಲ್ಲದ ‘ನಿಸ್ಸಂತತಿ ಕವರು’ವಿಗೆ ಕೆಲವು ಸಂದರ್ಭಗಳಲ್ಲಿ ಸಿಕ್ಕಿದ್ದು ಜೀವಮಾನದ ಅನುಭೋಗ ಮಾತ್ರ. ಪಾಲುಪಟ್ಟಿಯಲ್ಲಿ ಹೆಸರಿದ್ದರೂ ಅದು ಪೂರ್ಣ ಒಡೆತನವಲ್ಲ. 1950, 60ರ ದಶಕದ ಹಳೆಯ ಪಾಲುಪಟ್ಟಿ ಕೈಯಲ್ಲಿರುವವರು ಅದರಲ್ಲಿ ‘ಜೀವಾವಧಿ’ ಎಂಬ ಮಾತು ಇದೆಯೇ ಎಂದು ಓದಿ ನೋಡುವುದು ಅಗತ್ಯ.

ನಂತರ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದರ 7ನೇ ಸೆಕ್ಷನ್ ಪ್ರಕಾರ ಅಳಿಯಸಂತಾನ ಕುಟುಂಬದ ಸದಸ್ಯರ ಅವಿಭಕ್ತ ಪಾಲೂ ಅವರ ಮರಣಾನಂತರ ಈ ಕಾಯಿದೆಯಂತೆಯೇ ವಾರಸುದಾರರಿಗೆ ಹೋಗುತ್ತದೆ. ಆ ಪಾಲನ್ನು ವೀಲುನಾಮೆಯ ಮೂಲಕ ಬರೆದುಕೊಡಲೂ ಅವಕಾಶವಾಯಿತು. ಮಕ್ಕಳಕಟ್ಟಿನ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳು 1994ರಲ್ಲಿ ಷರತ್ತಿಗೊಳಪಟ್ಟು ನೀಡಿದವು. 2005ರಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಅನ್ವಯವಾಗುವಂತೆ ತಿದ್ದುಪಡಿ ತಂದಿತು. ತಂದೆ ಆ ದಿನ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಯಾಗಿ ಮುಂಬಯಿಗೆ ಬಂದ ಅಕ್ಕತಂಗಿಯರ ಸಹಿ ಇಲ್ಲದೆ ಊರಿನ ಜಾಗ ಮಾರುವ ಕಾಲ ಹೋಯಿತು.

ಫಾರ್ಮ್ ನಂಬ್ರ 7ರ ಮೇಲಿನ ಒಂದು ಹೆಸರು

ಕರಾವಳಿಯ ಭೂಮಿಯ ಚರಿತ್ರೆ ಮಗುಚಿಕೊಂಡದ್ದು ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಿಂದ. 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರಕಾರದ ವಶಕ್ಕೆ ಬಂದು, ಫಾರ್ಮ್ 7 ಸಲ್ಲಿಸಿದ ಗೇಣಿದಾರರಿಗೆ ಭೂನ್ಯಾಯ ಮಂಡಳಿ ಹಕ್ಕು ಮಂಜೂರು ಮಾಡಿತು. ಅರ್ಜಿಯ ಕೊನೆಯ ದಿನಾಂಕ ವಿಸ್ತರಣೆಯಾಗಿ 1979ರ ಜೂನ್ 30ರ ತನಕ ಅವಕಾಶವಿತ್ತು. ಒಕ್ಕಲು ಮಾಡುತ್ತಿದ್ದ ಎಷ್ಟೋ ಮನೆಗಳಿಗೆ ಸ್ವಂತ ಭೂಮಿ ದಕ್ಕಿತು. ಗೇಣಿಯನ್ನೇ ನಂಬಿದ್ದ ಎಷ್ಟೋ ಮನೆಗಳ ಆದಾಯ ಹೋಯಿತು. ಎರಡೂ ಬಗೆಯ ಮನೆಗಳ ಮಕ್ಕಳು ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಓದಿದರು.

ಆಗ ಮನೆಯ ಹಿರಿಯರೊಬ್ಬರ ಹೆಸರಿನಲ್ಲಿ ಅರ್ಜಿ ಹಾಕುವುದು ವಾಡಿಕೆ. ತಂದೆ ಇಲ್ಲದಿದ್ದರೆ ದೊಡ್ಡಣ್ಣ. ಆದುದರಿಂದ ಇಂದು ಪಹಣಿಯಲ್ಲಿ ದೊಡ್ಡಣ್ಣನ ಹೆಸರು ಒಂದೇ ಇದ್ದರೆ ಜಾಗ ಅವರೊಬ್ಬರದ್ದೇ? ಗೇಣಿ ಕುಟುಂಬದ್ದಾಗಿದ್ದರೆ ಮಂಜೂರಾತಿಯ ಫಲ ಕುಟುಂಬದ ಎಲ್ಲರಿಗೂ ಸಲ್ಲುತ್ತದೆ ಎಂದು ಕರ್ನಾಟಕ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಗೇಣಿ ಅವರ ಸ್ವಂತದ್ದೋ ಕುಟುಂಬದ್ದೋ ಎಂಬುದು ಗೇಣಿ ರಶೀದಿ, ಹಳೆಯ ಗೇಣಿ ಚೀಟಿ, ಮಂಡಳಿಯ ಮುಂದಿನ ಹೇಳಿಕೆ ಇವುಗಳಿಂದ ನಿರ್ಧಾರವಾಗುತ್ತದೆ. ಅಂದರೆ ಕಾಗದದಲ್ಲಿ ಒಂದೇ ಹೆಸರಿದ್ದ ಮಾತ್ರಕ್ಕೆ ಅದು ಒಬ್ಬನ ಒಡೆತನವಲ್ಲ.

ಪೇಟೆಯ ಮೂಲಗೇಣಿ ಜಾಗಗಳಿಗಾಗಿ ಕರ್ನಾಟಕ ಸರಕಾರ 2011ರಲ್ಲಿ ಮೂಲಗೇಣಿದಾರರಿಗೆ ಮಾಲೀಕತ್ವ ನೀಡುವ ಪ್ರತ್ಯೇಕ ಕಾಯಿದೆ ಮಾಡಿತು. ಮಂಗಳೂರು, ಉಡುಪಿ ಪೇಟೆಗಳಲ್ಲಿ ಮೂಲಗೇಣಿ ಮನೆ ಇರುವವರು ಇದನ್ನು ಗಮನಿಸಬೇಕು. ಹಾಗೆಯೇ ವರ್ಗದ ಸುತ್ತ ನೂರು ಗಜದ ಒಳಗಿನ ಕುಮ್ಕಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರನಿಗೆ ಇದ್ದರೂ ಒಡೆತನ ಸರಕಾರದ್ದು. ಕುಮ್ಕಿಯನ್ನು ಸೇರಿಸಿ ‘ನಮ್ಮದು ಹತ್ತು ಎಕರೆ’ ಎನ್ನುವುದು ಲೆಕ್ಕಕ್ಕೆ ಸಿಗದ ಮಾತು.

ಬ್ಯಾಂಕ್ ಖಾತೆಯಂತಲ್ಲ ಜಾಗ

ಅನೇಕರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಖಾತೆ ಇದ್ದರೆ ಒಬ್ಬರು ತೀರಿಕೊಂಡಾಗ ಉಳಿದವರಿಗೆ ಬ್ಯಾಂಕ್ ಹಣ ಕೊಡುತ್ತದೆ. ಜಾಗವೂ ಹಾಗೆಯೇ ಎಂದು ಭಾವಿಸುತ್ತಾರೆ. ಹಾಗಲ್ಲ. ಉತ್ತರಾಧಿಕಾರ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ವಾರಸುದಾರರು ತಲಾ ಒಂದೊಂದು ಪಾಲಿನ ಹಕ್ಕುದಾರರು. ಒಬ್ಬರು ತೀರಿಕೊಂಡರೆ ಅವರ ಪಾಲು ಅವರ ಹೆಂಡತಿ ಮಕ್ಕಳಿಗೆ ಹೋಗುತ್ತದೆಯೇ ಹೊರತು ಉಳಿದ ಅಣ್ಣತಮ್ಮಂದಿರಿಗಲ್ಲ.

ಒಂದು ಲೆಕ್ಕ ನೋಡಬಹುದು. ಒಬ್ಬರೇ ಒಡೆಯರಾಗಿದ್ದ ಹಿರಿಯರ 3 ಎಕರೆ 60 ಸೆಂಟ್ಸ್ ಜಾಗ. ಪತ್ನಿ ಮೊದಲೇ ತೀರಿಕೊಂಡಿದ್ದು ಮೂವರು ಮಕ್ಕಳಿದ್ದರೆ ತಲಾ 1 ಎಕರೆ 20 ಸೆಂಟ್ಸ್. ಮುಂದೆ ಅವರಿಗೂ ಮೂರು ಮೂರು ಮಕ್ಕಳಾದರೆ ಒಂಬತ್ತು ಜನ, ತಲಾ 40 ಸೆಂಟ್ಸ್. ಮೂರನೇ ತಲೆಮಾರಿಗೆ ಇಪ್ಪತ್ತೇಳು ಜನ, ತಲಾ 13 ಸೆಂಟ್ಸ್ ಚಿಲ್ಲರೆ. ಅವರಲ್ಲಿ ಒಬ್ಬರು ಮುಂಬಯಿ, ಒಬ್ಬರು ಮಸ್ಕತ್, ಒಬ್ಬರು ಅಮೆರಿಕ. ಎಲ್ಲರ ಸಹಿ ಇಲ್ಲದೆ ಇಡೀ ಜಾಗವನ್ನು ಮಾರಲಾಗದು, ಅಡವಿಟ್ಟು ಬ್ಯಾಂಕ್ ಸಾಲವನ್ನೂ ತೆಗೆಯಲಾಗದು. ಒಬ್ಬನ ಒಡೆತನ ಎಂಬುದು ಒಂದು ಆಯುಷ್ಯದ ತನಕ ಮಾತ್ರ. ಒಡೆಯ ಏನೂ ಬರೆದಿಡದೆ ಕಣ್ಣು ಮುಚ್ಚಿದ ಮರುಕ್ಷಣ ಅದು ಮತ್ತೆ ಜಂಟಿಯಾಗುತ್ತದೆ.

ಅಮೆರಿಕದ ಮೂಲನಿವಾಸಿಗಳ ಕಥೆ ಇದಕ್ಕೆ ದೊಡ್ಡ ನಿದರ್ಶನ. ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ಒಬ್ಬೊಬ್ಬರಿಗೆ ಹಂಚಲು 1887ರಲ್ಲಿ ಅಲ್ಲಿ ಕಾಯಿದೆ ಬಂತು. ಅದರ ಶೀರ್ಷಿಕೆಯಲ್ಲೇ ‘ಸೆವರಾಲ್ಟಿ’ ಪದವಿತ್ತು. ಕುಟುಂಬದ ಯಜಮಾನನಿಗೆ 160 ಎಕರೆ ಹಂಚಿ, ‘ಹೆಚ್ಚುವರಿ’ ಎಂದು ಉಳಿದದ್ದನ್ನು ಹೊರಗಿನವರಿಗೆ ಕೊಟ್ಟರು. 1887ರಲ್ಲಿ ಸುಮಾರು 13.8 ಕೋಟಿ ಎಕರೆ ಇದ್ದ ಅವರ ಭೂಮಿ 1934ರ ಹೊತ್ತಿಗೆ ಸುಮಾರು 4.8 ಕೋಟಿ ಎಕರೆಗೆ ಇಳಿಯಿತು. ಹಂಚಿಕೆ ಪಡೆದವರು ತೀರಿಕೊಂಡಂತೆ ವಾರಸುದಾರರು ಹೆಚ್ಚಿ, ಒಂದೊಂದು ತುಂಡಿಗೆ ನೂರಾರು ಪಾಲುದಾರರಾದ ಉದಾಹರಣೆಗಳೂ ಇವೆ. ಒಬ್ಬೊಬ್ಬರ ಹೆಸರಿಗೆ ಮಾಡಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ ಇದು ಪಾಠ.

ಪಾಲಿಗೆ ಎರಡು ಮೆಟ್ಟಿಲು

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಹೆಚ್ಚಿನ ಜಗಳಗಳು ದುರಾಸೆಯಿಂದಲ್ಲ, ಅರ್ಧಕ್ಕೆ ನಿಂತ ಕೆಲಸದಿಂದ ಹುಟ್ಟುತ್ತವೆ. ಪಾಲಾಗುವುದಕ್ಕೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಯಾರಿಗೆ ಎಷ್ಟು ಎಂದು ಹಕ್ಕು ಬೇರ್ಪಡಿಸುವುದು. ಇಷ್ಟಾದರೆ ಅವಿಭಕ್ತ ಸ್ಥಿತಿ ಮುಗಿಯುತ್ತದೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1866ರಲ್ಲೇ ಅಪ್ಪೂವಿಯರ್ ಪ್ರಕರಣದಲ್ಲಿ ಹೇಳಿತ್ತು. ಎರಡನೆಯದು ಅಳತೆ ಮಾಡಿ ಗಡಿಕಲ್ಲು ಹಾಕಿ ಜಾಗವನ್ನೇ ಬೇರ್ಪಡಿಸುವುದು.

ಮುಂಬಯಿಯ ಹೆಚ್ಚಿನ ಕುಟುಂಬಗಳು ಮೊದಲ ಮೆಟ್ಟಿಲಿನಲ್ಲೇ ನಿಂತಿವೆ. ರಜೆಯಲ್ಲಿ ಊರಿಗೆ ಹೋದಾಗ ‘ತೆಂಕು ಬದಿ ನಿನಗೆ, ಬಡಗು ಬದಿ ನನಗೆ’ ಎಂದು ಬಾಯಿಮಾತಿನಲ್ಲಿ ಮುಗಿಸಿರುತ್ತಾರೆ. ಪಾಲುಪಟ್ಟಿ ನೋಂದಣಿಯಾದರೂ 11ಇ ನಕ್ಷೆ, ಪೋಡಿ ಆಗಿರುವುದಿಲ್ಲ. ಪೋಡಿ ಆಗಿ ಹೊಸ ಹಿಸ್ಸಾ ನಂಬ್ರ ಬಂದು ಪ್ರತ್ಯೇಕ ಪಹಣಿ ಸಿಕ್ಕಿದರೆ ಮಾತ್ರ ಕೆಲಸ ಪೂರ್ತಿ.

ಪಹಣಿಯ 9ನೇ ಕಲಂನಲ್ಲಿ ಹಿಡುವಳಿದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳ ವಿವರ ಇರುತ್ತದೆ. ಭೂಮಿ ಯೋಜನೆಯಲ್ಲಿ ದಾಖಲೆ ಗಣಕೀಕರಣವಾದುದರಿಂದ ಸರ್ವೇ ನಂಬ್ರ ಗೊತ್ತಿದ್ದರೆ ಮುಂಬಯಿಯಲ್ಲಿ ಕುಳಿತೇ ನೋಡಬಹುದು. ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಕೊಡಬೇಕು. ಒಂದು ಮಾತು ನೆನಪಿರಲಿ: ಪಹಣಿ ಒಡೆತನದ ಅಂತಿಮ ಪುರಾವೆ ಅಲ್ಲ. ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಸೆಕ್ಷನ್ ಪ್ರಕಾರ ವಿರುದ್ಧ ಸಾಬೀತಾಗುವ ತನಕ ಮಾತ್ರ ಅದನ್ನು ಸರಿ ಎಂದು ಭಾವಿಸಲಾಗುತ್ತದೆ.

ಊರಿನಲ್ಲಿ ಉಳಿದ ಅಣ್ಣನ ಕಷ್ಟವನ್ನೂ ಕಾಣಬೇಕು. ಮೂವತ್ತು ವರ್ಷ ತೋಟಕ್ಕೆ ನೀರು ಬಿಟ್ಟವರು, ತಾಯಿಯ ಆರೈಕೆ ಮಾಡಿದವರು, ದೈವದ ಪರ್ವ, ನಾಗನ ತಂಬಿಲ ನಡೆಸಿದವರು ಅವರು. ತೀರ್ವೆ ಕಟ್ಟಿದ ಮಾತ್ರಕ್ಕೆ ಅಥವಾ ಒಬ್ಬರೇ ಸಾಗುವಳಿ ಮಾಡಿದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲರ ಸ್ವಾಧೀನ ಎಂಬುದು ಕಾನೂನು. ಆದರೆ ಪಾಲು ಮಾಡುವಾಗ ಅವರ ದುಡಿಮೆಗೆ ಬೆಲೆ ಕಟ್ಟಬೇಕಾದ್ದು ನ್ಯಾಯ. ಒಪ್ಪಿಗೆಯ ಪಾಲಿನಲ್ಲಿ ಒಬ್ಬರಿಗೆ ಹೆಚ್ಚು ಕೊಡಲು, ಇನ್ನೊಬ್ಬರು ಹಕ್ಕು ಬಿಡುಗಡೆ ಪತ್ರ ಬರೆಯಲು ಕಾನೂನಿನ ಅಡ್ಡಿ ಇಲ್ಲ. ಕೋರ್ಟಿಗೆ ಹೋದರೆ ಆ ಸ್ವಾತಂತ್ರ್ಯ ಇರುವುದಿಲ್ಲ.

ಪಾಲುದಾರರೊಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ ಉಳಿದವರು ಅಸಹಾಯಕರೇನಲ್ಲ. ಮೊದಲ ದರ್ಜೆಯ ವಾರಸುದಾರರಿಗೆ ಆ ಪಾಲನ್ನು ಕೊಳ್ಳುವ ಆದ್ಯತೆ ಇದೆ. ಇದು ಕೃಷಿ ಭೂಮಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕುಟುಂಬದ ಮನೆಯ ಪಾಲನ್ನು ಕೊಂಡ ಹೊರಗಿನವರು ಆ ಮನೆಯೊಳಗೆ ಬಂದು ಜಂಟಿಯಾಗಿ ವಾಸಿಸುವ ಹಕ್ಕು ಕೇಳುವಂತಿಲ್ಲ. ಅವರು ಪಾಲಿಗಾಗಿ ದಾವೆ ಹೂಡಿದರೆ ಕುಟುಂಬದವರು ಆ ಪಾಲನ್ನು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಕೊಳ್ಳಲು 1893ರ ಪಾರ್ಟಿಶನ್ ಕಾಯಿದೆಯಲ್ಲಿ ಅವಕಾಶವಿದೆ.

ಜಂಟಿ ಜಾಗ ಹೆದ್ದಾರಿಗೆ ಹೋದಾಗ ಪರಿಹಾರದ ಹಂಚಿಕೆಯಲ್ಲಿ ತಕರಾರು ಬಂದರೆ ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತೀರ್ಮಾನವಾಗುವ ತನಕ ಹಣ ಯಾರ ಕೈಗೂ ಬರುವುದಿಲ್ಲ. ಊರಿನವರಿಗೆ ಜಿಪಿಎ ಕೊಟ್ಟು ಸುಮ್ಮನಾಗುವವರೂ ಇದ್ದಾರೆ. ಜಿಪಿಎ ಕೇವಲ ಅಧಿಕಾರ ಪತ್ರ, ಅದರಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮುಂಬಯಿಯ ಮನೆಯೂ ಪರೀಕ್ಷೆಗೆ ಬರಲಿ

ಇಲ್ಲಿನ ಆಸ್ತಿಯಲ್ಲೂ ಪೂರ್ಣ ಒಡೆತನ ಅಪರೂಪವೇ. ಪಗಡಿಯ ಚಾಳ್ ಕೋಣೆಯಲ್ಲಿ ಇರುವವರು ಬಾಡಿಗೆದಾರರೇ ಹೊರತು ಮಾಲೀಕರಲ್ಲ. ಹೌಸಿಂಗ್ ಸೊಸೈಟಿಯ ಸದಸ್ಯರಿಗೆ ಇರುವುದು ಷೇರು ಸರ್ಟಿಫಿಕೇಟ್ ಮತ್ತು ಫ್ಲ್ಯಾಟಿನ ಹಕ್ಕು. ಕಟ್ಟಡದ ಕೆಳಗಿನ ಭೂಮಿ ಕನ್ವೇಯನ್ಸ್ ಆಗಿದ್ದರೆ ಸೊಸೈಟಿಯದ್ದು, ಆಗದಿದ್ದರೆ ಇನ್ನೂ ಬಿಲ್ಡರ್ ಅಥವಾ ಮೂಲ ಮಾಲೀಕನದ್ದು. ಬಿಲ್ಡರ್ ಸಹಕರಿಸದಿದ್ದರೆ ಡೀಮ್ಡ್ ಕನ್ವೇಯನ್ಸ್ ಪಡೆಯುವ ದಾರಿ 2008ರ ತಿದ್ದುಪಡಿಯಿಂದ ಸೊಸೈಟಿಗಳಿಗೆ ಸಿಕ್ಕಿದೆ.

ನಾಮಿನೇಶನ್ ಬಗ್ಗೆಯೂ ಎಚ್ಚರ ಬೇಕು. ಸೊಸೈಟಿ ನಾಮಿನಿಯ ಹೆಸರಿಗೆ ಷೇರು ವರ್ಗಾಯಿಸಬೇಕು, ಆದರೆ ವಾರಸುದಾರರ ಒಡೆತನದ ಪ್ರಶ್ನೆ ಬೇರೆಯೇ ಎಂದು ಸುಪ್ರೀಂ ಕೋರ್ಟ್ 2016ರ ಇಂದ್ರಾಣಿ ವಾಹಿ ಪ್ರಕರಣದಲ್ಲಿ ಹೇಳಿದೆ. ನಾಮಿನಿ ಅಂದರೆ ಒಡೆಯ ಅಲ್ಲ. ಒಡೆತನ ಯಾರಿಗೆಂದು ಹೇಳುವುದು ವೀಲುನಾಮೆ. ಅದಿಲ್ಲದಿದ್ದರೆ ಉತ್ತರಾಧಿಕಾರ ಕಾಯಿದೆ.

ಹಿರಿಯರಿರುವಾಗಲೇ ಆಗಬೇಕು

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಊರಿನ ಜಾಗದ ಸರ್ವೇ ನಂಬ್ರ ಗೊತ್ತಿಲ್ಲ. ಎಷ್ಟೋ ಮಂದಿಗೆ ಕನ್ನಡ ಓದಲೂ ಬಾರದು. ಪಹಣಿ, ಪಾಲುಪಟ್ಟಿ, ಗೇಣಿ ಚೀಟಿ ಎಲ್ಲವೂ ಇರುವುದು ಕನ್ನಡದಲ್ಲಿ. ಅವನ್ನು ಓದಿ ಅರ್ಥ ಹೇಳಬಲ್ಲ ತಲೆಮಾರು ಈಗ ಎಪ್ಪತ್ತು, ಎಂಬತ್ತರ ಅಂಚಿನಲ್ಲಿದೆ. ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ವಿದ್ಯಾರ್ಥಿವೇತನ, ವೈದ್ಯಕೀಯ ಶಿಬಿರಗಳ ಜೊತೆಗೆ ವರ್ಷಕ್ಕೊಮ್ಮೆ ತಮ್ಮಲ್ಲಿರುವ ವಕೀಲರನ್ನು ಕೂರಿಸಿ ಊರಿನ ದಾಖಲೆ ನೋಡಿಕೊಡುವ ಶಿಬಿರ ಏರ್ಪಡಿಸಿದರೆ ಅನೇಕ ಕುಟುಂಬಗಳಿಗೆ ಉಪಕಾರವಾದೀತು.

ಎಲ್ಲವನ್ನೂ ತುಂಡು ಮಾಡಲೇಬೇಕೆಂದಿಲ್ಲ. ಕುಟುಂಬದ ಮನೆ, ನಾಗಬನ, ದೈವದ ಚಾವಡಿ ಇವನ್ನು ಪಾಲುಪಟ್ಟಿಯಲ್ಲಿ ಜಂಟಿಯಾಗಿಯೇ ಉಳಿಸಿಕೊಂಡ ಕುಟುಂಬಗಳು ಬಹಳ ಇವೆ. ಯಾವುದು ಒಬ್ಬೊಬ್ಬರದ್ದು, ಯಾವುದು ಎಲ್ಲರದ್ದು, ಎಲ್ಲರದ್ದರ ಖರ್ಚು ಯಾರು ಹೇಗೆ ಕೊಡುವುದು ಎಂಬಿಷ್ಟನ್ನು ಸ್ಪಷ್ಟವಾಗಿ ಬರೆದು ನೋಂದಣಿ ಮಾಡಿಸಿದರೆ ಸಾಕು. ಮುಂದಿನ ಸಲ ಊರಿಗೆ ಹೋಗುವಾಗ ಮಕ್ಕಳನ್ನೂ ಜಾಗದ ನಾಲ್ಕು ಮೂಲೆಗಳಿಗೆ ಕರೆದೊಯ್ದು ಗಡಿಕಲ್ಲು ತೋರಿಸಿ, ಪಹಣಿಯ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು ಬರುವುದು ಒಳ್ಳೆಯದು.